ಮೊದಲ ಗುಂಡಿಗೆ ಮುಂಚೆ ನಳಿಗೆಯಲ್ಲಿ ಬೆಳಕು ನೋಡಿ

ಈ ತಿಂಗಳು ಬಂದ ಪತ್ರಗಳಲ್ಲಿ ಐದು ಕೋವಿಯ ಬಗ್ಗೆಯೇ ಇದ್ದವು. ಎಲ್ಲವೂ ಮೈಸೂರು, ಮಂಡ್ಯ ಕಡೆಯವು. ಐದಕ್ಕೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ. 26 ವರ್ಷ ಆರ್ಮರರ್ ಕೆಲಸ ಮಾಡಿದವನು ನಾನು, ರೈಫಲ್ ಬಿಚ್ಚೋದು, ನೋಡೋದು, ಜೋಡಿಸೋದೇ ಹೊಟ್ಟೆಪಾಡಾಗಿತ್ತು. ಹಾಗಾಗಿ ಉತ್ತರ ಸ್ವಲ್ಪ ಉದ್ದ ಆಗುತ್ತೆ, ಓದಿ.

ಪ್ರಶ್ನೆ: ಸರ್, ನಾನು ಮೈಸೂರು ಕುವೆಂಪುನಗರದವನು. ತುಂಬಾ ಓಡಾಡಿದ ಮೇಲೆ ಲೈಸೆನ್ಸ್ ಸಿಕ್ಕಿತು. ಹೋದ ವಾರ .315 ರೈಫಲ್ ತಂದೆ, ಹೊಸದು, ಪೆಟ್ಟಿಗೆ ಸಮೇತ. ಅಂಗಡಿಯವರು "ಫ್ಯಾಕ್ಟರಿಯಲ್ಲಿ ಟೆಸ್ಟ್ ಆಗಿ ಬಂದಿದೆ, ನೇರ ಹೊಡೀಬಹುದು" ಅಂದರು. ಆದರೂ ಹೊಡೆಯೋಕೆ ಮುಂಚೆ ನಾನು ಏನಾದರೂ ನೋಡಬೇಕಾ?

ಉತ್ತರ: ನೋಡಲೇಬೇಕು. ಅಂಗಡಿಯವರು ಸುಳ್ಳು ಹೇಳಿಲ್ಲ. ಕಾರ್ಖಾನೆಯಲ್ಲಿ ಪ್ರೂಫ್ ಟೆಸ್ಟ್ ಅಂತ ಇರುತ್ತೆ. ಮಾಮೂಲಿಗಿಂತ ಜಾಸ್ತಿ ಒತ್ತಡದ ತೋಟಾ ಹಾಕಿ ಹೊಡೆದು ನೋಡ್ತಾರೆ, ತಡೆದುಕೊಂಡರೆ ಕಬ್ಬಿಣದ ಮೇಲೆ ಗುರುತು ಒತ್ತುತ್ತಾರೆ. ಆ ಗುರುತು ನಿಮ್ಮ ರೈಫಲ್ ಮೇಲೂ ಇರಬೇಕು, ಹುಡುಕಿ ನೋಡಿ. ಆದರೆ ಆ ಟೆಸ್ಟ್ ಆದ ದಿನದಿಂದ ನಿಮ್ಮ ಮನೆಗೆ ಬರೋವರೆಗೆ ಅದು ಗ್ರೀಸ್ ಮೆತ್ತಿಸಿಕೊಂಡು ಪೆಟ್ಟಿಗೆಯಲ್ಲಿ ಕೂತು, ಲಾರಿಯಲ್ಲಿ ಕುಲುಕಿ, ಗೋಡೌನಿನಲ್ಲಿ ಮಳೆಗಾಲ ಕಳೆದು, ಅಂಗಡಿಯಲ್ಲಿ ಹತ್ತು ಜನರ ಕೈಗೆ ಸಿಕ್ಕಿ ಬಂದಿರುತ್ತೆ. ಕಾರ್ಖಾನೆಯವರ ಗುರುತು ಆ ದಿನದ ಮಾತು. ಇವತ್ತಿನ ಮಾತು ನೀವೇ ನೋಡಿ ಹೇಳಬೇಕು.

ಮೊದಲು ಮನೆಯಲ್ಲಿರೋ ತೋಟಾ ಎಲ್ಲಾ ಬೇರೆ ಕೋಣೆಗೆ ಹೋಗಲಿ. ಮಕ್ಕಳೂ ಆ ಕಡೆ ಇರಲಿ. ರೈಫಲ್ ಕೈಗೆ ತಗೊಂಡ ತಕ್ಷಣ ನಳಿಗೆಯ ಬಾಯಿ ಯಾರೂ ಇಲ್ಲದ ಕಡೆ ಇರಬೇಕು, ಬೆರಳು ಟ್ರಿಗರ್ ಹೊರಗಿರಬೇಕು. ಮ್ಯಾಗಜಿನ್ (ಕೆಳಗೆ ತೋಟಾ ತುಂಬೋ ಡಬ್ಬಿ) ತೆಗೀರಿ, ಆಮೇಲೆ ಬೋಲ್ಟ್ (ನಳಿಗೆಯನ್ನು ಹಿಂದಿನಿಂದ ಮುಚ್ಚೋ, ಹಿಡಿ ಇರೋ ಭಾಗ) ಹಿಂದಕ್ಕೆ ಎಳೀರಿ. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಹಾಗೇ ಬಿಟ್ಟು ಬೋಲ್ಟ್ ಎಳೆದು ಮುಚ್ಚಿದರೆ ಕೆಳಗಿಂದ ಇನ್ನೊಂದು ಒಳಗೆ ಹೋಗಿ ಕೂರುತ್ತೆ. ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂಬದಿ ತೋಟಾ ಕೂರೋ ಜಾಗದಲ್ಲಿ, ಕಣ್ಣಲ್ಲಿ ನೋಡಿ, ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಅಂಗಡಿಯಿಂದ ಹೊಸದಾಗಿ ತಂದಿದ್ದರಲ್ಲಿ ತೋಟಾ ಎಲ್ಲಿಂದ ಬರುತ್ತೆ ಅಂತ ಕೇಳಬೇಡಿ. ಪ್ರತಿ ಸಲ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋದಾಗಲೆಲ್ಲ, ಇದನ್ನು ಮಾಡಲೇಬೇಕು.

ಈಗ ಬಿಲ್ಲು, ಲೈಸೆನ್ಸ್ ತಂದು ಪಕ್ಕದಲ್ಲಿಟ್ಟುಕೊಳ್ಳಿ. ರೈಫಲ್ ಮೇಲಿನ ನಂಬರನ್ನು ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಒಂದು ಅಂಕಿ ತಪ್ಪಿದ್ದರೂ ಮುಂದೆ ರಿನ್ಯೂವಲ್‌ಗೆ ಹೋದಾಗ ನೀವೇ ಅಲೆಯಬೇಕಾಗುತ್ತೆ. ಬೋಲ್ಟ್ ಮೇಲೂ ನಂಬರ್ ಇದ್ದರೆ ಅದೂ ಬಾಡಿಯ ನಂಬರಿಗೆ ಹೊಂದಬೇಕು. ಇದು ಬರೀ ಕಾಗದದ ವಿಷಯ ಅಲ್ಲ, ಯಾಕೆ ಅಂತ ಮುಂದೆ ಹೇಳ್ತೀನಿ. ನಳಿಗೆ ಮೇಲೆ ಕೊರೆದಿರೋ ಬೋರೂ (ನಳಿಗೆಯ ಒಳ ಅಗಲದ ಅಳತೆ) ತೋಟಾ ಡಬ್ಬಿ ಮೇಲಿರೋ ಬೋರೂ ಒಂದೇ ಇರಬೇಕು. "ಹತ್ತಿರ ಹತ್ತಿರ ಅದೇ ಸೈಜು" ಅನ್ನೋ ಮಾತಿಗೆ ಇಲ್ಲಿ ಜಾಗವೇ ಇಲ್ಲ.

ಬೋಲ್ಟ್ ಪೂರ್ತಿ ಹೊರಗೆ ತೆಗೆದು ನಳಿಗೆ ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ಹೊಸ ರೈಫಲ್ ನಳಿಗೆಯಲ್ಲಿ ತುಕ್ಕು ಹಿಡಿಯದೆ ಇರಲಿ ಅಂತ ಗ್ರೀಸ್ ತುಂಬಿರ್ತಾರೆ. ಎನ್‌ಸಿಸಿಯಲ್ಲಿ ಇದ್ದವರಿಗೆ ಪುಲ್ ಥ್ರೂ (ನಳಿಗೆಯೊಳಗೆ ಚಿಂದಿ ಎಳೆಯೋ ಹಗ್ಗ), ಚಿಂದಿ ಗೊತ್ತಿರುತ್ತೆ. ಪುಲ್ ಥ್ರೂ ಅಥವಾ ಹಿತ್ತಾಳೆ ರಾಡಿಗೆ ಚಿಂದಿ ಸಿಕ್ಕಿಸಿ, ಹಿಂದಿನಿಂದ ಮುಂದಕ್ಕೆ ಎಳೀರಿ. ಮೊದಲ ಚಿಂದಿ ಕಾಫಿ ಬಣ್ಣದ ಅಂಟು ಹೊತ್ತು ಬರುತ್ತೆ. ಚಿಂದಿಗೆ ಸ್ವಲ್ಪ ಸೀಮೆಎಣ್ಣೆ ಮುಟ್ಟಿಸಿ ಇನ್ನೊಮ್ಮೆ ಎಳೀರಿ. ಐದಾರು ಚಿಂದಿ ಆದ ಮೇಲೆ ಬಟ್ಟೆ ಬಿಳಿಯಾಗೇ ಹೊರಗೆ ಬರುತ್ತೆ, ಆಗ ಸಾಕು. ಆಮೇಲೆ ನಳಿಗೆ ಬಾಯಿ ಹತ್ತಿರ ಒಂದು ಬಿಳಿ ಕಾಗದ ಹಿಡಿದು, ಕಿಟಕಿ ಬೆಳಕು ಅದರ ಮೇಲೆ ಬೀಳೋ ಹಾಗೆ ಮಾಡಿ, ಹಿಂದಿನಿಂದ ಕಣ್ಣಿಟ್ಟು ನೋಡಿ. ನಿಧಾನಕ್ಕೆ ಸುತ್ತಿಕೊಂಡು ಹೋಗೋ ಗೀರುಗಳು ಕನ್ನಡಿ ಥರ ಹೊಳೀಬೇಕು. ಮಧ್ಯೆ ಎಲ್ಲಾದರೂ ಕಪ್ಪು ಉಂಗುರದ ಹಾಗೆ ನೆರಳು ಕಂಡರೆ ಅಲ್ಲಿ ನಳಿಗೆ ಉಬ್ಬಿರಬಹುದು. ಸಣ್ಣ ಸಣ್ಣ ಚುಕ್ಕಿ ಕಂಡರೆ ತುಕ್ಕು ತಿಂದಿದೆ. ಹೊಸ ಮಾಲಿನಲ್ಲಿ ಎರಡೂ ಇರಬಾರದು, ಇದ್ದರೆ ಒಂದೂ ಗುಂಡು ಹಾರಿಸದೆ ವಾಪಸ್ ತಗೊಂಡು ಹೋಗಿ.

ಇದನ್ನು ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ರೈಫಲ್ ಕ್ಲೀನ್ ಆಗಿ ಬೆಂಚಿನ ಮೇಲಿತ್ತು. "ಇದನ್ನು ನೋಡಿದ್ದೀರಾ" ಅಂತ ಕೇಳಿದೆ, ಜೊತೆಯವರು "ಹ್ಞೂಂ, ನೋಡಿದ್ದೀನಿ" ಅಂದರು. ನಾನು ನೋಡಲಿಲ್ಲ. ಮಾರನೇ ದಿನ ರೇಂಜಿನಲ್ಲಿ ಮೊದಲ ಗುಂಡಿಗೇ ನಳಿಗೆ ನಡುವಿನಲ್ಲಿ ಊದಿಕೊಂಡಿತು, ಕಪ್ಪೆ ನುಂಗಿದ ಹಾವಿನ ಹಾಗೆ. ಒಳಗೆ ಒಂದು ಚಿಂದಿ ತುಂಡು ಉಳಿದುಬಿಟ್ಟಿತ್ತು, ಉಗುರಿನಷ್ಟು ಅಗಲದ ಬಟ್ಟೆ. ಹೊಡೆದ ಹುಡುಗನಿಗೆ ಏನೂ ಆಗಲಿಲ್ಲ, ಅದು ಅವನ ಪುಣ್ಯ. ಅವನ ಕೈ ನಡುಗುತ್ತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವತ್ತಿನಿಂದ ಯಾರು ಎಷ್ಟೇ ಹೇಳಿದರೂ, ನಳಿಗೆಯಲ್ಲಿ ಬೆಳಕು ಕಾಣದೆ ನಾನು ರೈಫಲ್ ಯಾರ ಕೈಗೂ ಕೊಟ್ಟಿಲ್ಲ.

ನಳಿಗೆ ಆಯಿತು, ಈಗ ಮರ. ಬಟ್ (ಭುಜಕ್ಕೆ ಆನಿಸೋ ಹಿಂಭಾಗ) ಶುರುವಾಗೋ ಕಡೆ, ಕೈ ಹಿಡಿಯೋ ಸಣ್ಣ ಭಾಗ ಇದೆಯಲ್ಲ, ಅಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಹೊಡೆದಾಗ ಏಟೆಲ್ಲಾ ಅಲ್ಲೇ ಬೀಳೋದು. ಸ್ಕ್ರೂಗಳು ಸಡಿಲ ಇದ್ದರೆ ಸರಿಯಾದ ಅಳತೆಯ ಸ್ಕ್ರೂಡ್ರೈವರಿಂದ ಬಿಗಿ ಮಾಡಿ. ಸಡಿಲ ಸ್ಕ್ರೂ ಇಟ್ಟುಕೊಂಡು ಗುರಿ ಸರಿ ಮಾಡೋಕೆ ಹೋದರೆ ಇಡೀ ದಿನ ವೇಸ್ಟ್.

ಸೇಫ್ಟಿ, ಅಂದರೆ ತಪ್ಪಿ ಗುಂಡು ಹಾರದ ಹಾಗೆ ತಡೆಯೋ ಕೀಲಿ, ನೋಡೋದು ಹೀಗೆ. ರೈಫಲ್ ಖಾಲಿ ಅಂತ ಇನ್ನೊಮ್ಮೆ ನೋಡಿಕೊಳ್ಳಿ. ಬೋಲ್ಟ್ ಎಳೆದು ಮುಚ್ಚಿ ಕಾಕ್ ಮಾಡಿ, ಅಂದರೆ ತೋಟಾಕ್ಕೆ ಬಡಿಯೋ ಪಿನ್ ಹೊಡೆಯೋಕೆ ಸಿದ್ಧವಾಗಿ ನಿಲ್ಲಲಿ. ಸೇಫ್ಟಿ ಹಾಕಿ. ಟ್ರಿಗರ್ ಗಟ್ಟಿಯಾಗಿ ಒತ್ತಿ, ಏನೂ ಆಗಬಾರದು. ಬೆರಳು ತೆಗೀರಿ. ಈಗ ಬೆರಳು ಟ್ರಿಗರ್ ಹತ್ತಿರ ತರದೆ ಸೇಫ್ಟಿ ಮಾತ್ರ ತೆಗೀರಿ. ಇಲ್ಲಿ ಕಿವಿ ಕೊಡಿ. ಸೇಫ್ಟಿ ತೆಗೆದಾಗ ತಾನಾಗೇ "ಟಕ್" ಅಂತ ಪಿನ್ ಬಿದ್ದರೆ ಆ ರೈಫಲ್ ಕೆಟ್ಟಿದೆ. ಎಷ್ಟೋ ಜನ ಸೇಫ್ಟಿ ಹಾಕಿ ಟ್ರಿಗರ್ ಒತ್ತಿ, ಬೀಳಲಿಲ್ಲ ಅಂತ ಸಮಾಧಾನ ಪಟ್ಟುಕೊಂಡು ಅಲ್ಲಿಗೇ ನಿಲ್ಲಿಸುತ್ತಾರೆ. ಅಪಾಯ ಅಡಗಿರೋದು ಅದರ ಮುಂದಿನ ಹೆಜ್ಜೆಯಲ್ಲಿ. ಆಮೇಲೆ ಖಾಲಿ ರೈಫಲನ್ನೇ ಕಾಕ್ ಮಾಡಿ, ಮಡಚಿದ ಗೋಣಿಚೀಲದ ಮೇಲೆ ಬಟ್ ಕೆಳಗಾಗಿ ಅರ್ಧ ಗೇಣು ಎತ್ತರದಿಂದ ಕುಟ್ಟಿ ನೋಡಿ. ಬೋಲ್ಟನ್ನು ಎರಡು ಮೂರು ಸಲ ಜೋರಾಗಿ ಮುಚ್ಚಿ ನೋಡಿ. ಪಿನ್ ಬೀಳಬಾರದು. ಒಂದೇ ಒಂದು ಸಲ ಬಿದ್ದರೂ ಗನ್‌ಸ್ಮಿತ್ (ಕೋವಿ ರಿಪೇರಿ ಮಾಡುವವರು) ಹತ್ತಿರ ಹೋಗಲೇಬೇಕು. ಟ್ರಿಗರನ್ನು ನೀವೇ ಅರ ಹಾಕಿ ಹಗುರ ಮಾಡೋದಂತೂ ಬೇಡವೇ ಬೇಡ. ಅದು ಲೈಸೆನ್ಸ್ ಇರೋ ಗನ್‌ಸ್ಮಿತ್ ಕೆಲಸ.

ಇನ್ನೊಂದು ಮಾತು. .315 ತೋಟಾಕ್ಕೆ ಹಿಂಬದಿಯಲ್ಲಿ ಅಂಚು ಇರುತ್ತೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದಿರಬೇಕು. ಹಿಂದಿದ್ದರೆ ಒಂದಕ್ಕೊಂದು ಸಿಕ್ಕಿಕೊಂಡು ಬೋಲ್ಟ್ ಅರ್ಧಕ್ಕೆ ನಿಲ್ಲುತ್ತೆ. "ಹೊಸ ರೈಫಲ್ ಜಾಮ್ ಆಗುತ್ತೆ" ಅಂತ ಬಂದವರ ಎಷ್ಟೋ ರೈಫಲ್‌ಗಳಲ್ಲಿ ನಾನು ಕಂಡಿದ್ದು ಇದನ್ನೇ. ಮನೆಯಲ್ಲಿ ಅಭ್ಯಾಸಕ್ಕೆ ಡಮ್ಮಿ ತೋಟಾ ಮಾತ್ರ. ಡಮ್ಮಿ ಹಾಕಿ ಬೋಲ್ಟ್ ಎಳೆದಾಗ ಅದು ಹೊರಗೆ ಚಿಮ್ಮಬೇಕು. ಸುಮ್ನೆ ಉರುಳಿ ಬಾಗಿಲಲ್ಲೇ ಕೂತರೆ ತೋಟಾ ಹಿಡಿದೆಳೆಯೋ ಕೊಕ್ಕೆ ಅಥವಾ ಅದರ ಸ್ಪ್ರಿಂಗ್ ಸೋತಿದೆ ಅಂತ.

ಕೊನೆಗೆ ಎಣ್ಣೆ. ದಯವಿಟ್ಟು ಕೊಬ್ಬರಿ ಎಣ್ಣೆ ಹಾಕಬೇಡಿ. ಮೈಸೂರಿನಲ್ಲಿ ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿರೋ ಕೊಬ್ಬರಿ ಎಣ್ಣೆ ಬಾಟಲಿ ಗಟ್ಟಿಯಾಗಿ ಕೂತಿರುತ್ತೆ ಅಲ್ವಾ, ಬೋಲ್ಟಿನ ಒಳಗೂ ಅದೇ ಆಗುತ್ತೆ. ಪಿನ್ ಮೆತ್ತಗೆ ಹೋಗಿ ಬಡಿಯುತ್ತೆ, ತೋಟಾ ಹಾರಲ್ಲ. ಗನ್ ಆಯಿಲ್ ಒಂದೆರಡು ಹನಿ ಸಾಕು. ಹೊಡೆಯೋಕೆ ಮುಂಚೆ ಚೇಂಬರ್, ನಳಿಗೆ ಎರಡನ್ನೂ ಒಣ ಚಿಂದಿಯಿಂದ ಒರೆಸಿ. ಅಲ್ಲಿ ಎಣ್ಣೆ ನಿಂತಿರಬಾರದು.

ಪ್ರಶ್ನೆ: ಅಣ್ಣಾ, ನಮ್ದು ಮದ್ದೂರು ತಾಲ್ಲೂಕು. ಒಬ್ಬರು ವಯಸ್ಸಾದವರು ಮಾರಿದ ಹಳೇ .315 ರೈಫಲ್‌ನ ಡೀಲರ್ ಮೂಲಕ ತಗಂಡಿದೀನಿ. ಲೈಸೆನ್ಸಿಗೂ ಏರಿಸ್ದೆ. ಅವರು ಹತ್ತು ವರ್ಷದಿಂದ ಹೊಡ್ದೇ ಇಲ್ವಂತೆ. ಜೊತೆಗೆ ಹಳೇ ತೋಟಾ ಒಂದಷ್ಟು ಕೊಟ್ಟವ್ರೆ. ಕಬ್ಬು ಕಟಾವಾಗಿ ಗದ್ದೆ ಖಾಲಿ ಬಿದ್ದದೆ, ಅಲ್ಲೇ ಒಂದೆರಡು ಹೊಡ್ದು ನೋಡ್ಬೋದಾ?

ಉತ್ತರ: ಬೇಡಿ ತಮ್ಮ. ಗದ್ದೆ ಖಾಲಿ ಇರಬಹುದು, ಅದರ ಆಚೆ ಖಾಲಿ ಇಲ್ಲ. ಸಣ್ಣ .22 ಗುಂಡೇ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. .315 ಅದಕ್ಕಿಂತ ಎಷ್ಟೋ ದೂರ ಹೋಗುತ್ತೆ. ಮದ್ದೂರು, ಮಂಡ್ಯ ಕಡೆ ಅಷ್ಟು ದೂರದೊಳಗೆ ಒಬ್ಬರಲ್ಲ ಒಬ್ಬರು ನೀರು ಕಟ್ಟುತ್ತಾ ಇರ್ತಾರೆ, ಇಲ್ಲ ಬದುವಿನಲ್ಲಿ ದನ ಮೇಯಿಸ್ತಾ ಇರ್ತಾರೆ. ಕಬ್ಬಿನ ಗರಿ ಹಿಂದೆ ಕೂತವರು ಕಾಣೋದೂ ಇಲ್ಲ. ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಇದನ್ನು ಸೇರಿಸಿದರು. ಮದುವೆ, ಮೆರವಣಿಗೆಯಲ್ಲಿ ಹಾರಿಸೋದೂ ಅದರಲ್ಲೇ ಬರುತ್ತೆ. ಕಾಯ್ದೆ ಒಂದು ಕಡೆ ಇರಲಿ, ಪಕ್ಕದ ಗದ್ದೆಯವರು ನಿಮ್ಮವರೇ. ರೇಂಜಿಗೇ ಹೋಗಿ. ಜಿಲ್ಲೆಗಳಲ್ಲಿ ಪೊಲೀಸರು ನಾಗರಿಕ ಬಂದೂಕು ತರಬೇತಿ ನಡೆಸ್ತಾರೆ, ಅಲ್ಲಿ ವಿಚಾರಿಸಿ. ರೈಫಲ್ ಕ್ಲಬ್ಬಿನ ರೇಂಜ್ ಆದರೂ ಸರಿ. ಹೋಗುವಾಗ ರೈಫಲ್ ಖಾಲಿ ಮಾಡಿ ಚೀಲದಲ್ಲಿರಲಿ, ತೋಟಾ ಬೇರೆ ಇರಲಿ, ಲೈಸೆನ್ಸ್ ಜೇಬಿನಲ್ಲಿರಲಿ.

ಆದರೆ ಅದಕ್ಕೂ ಮುಂಚೆ ಆ ರೈಫಲನ್ನು ಗನ್‌ಸ್ಮಿತ್‌ಗೆ ತೋರಿಸಿ. ಮೇಲಿನ ಉತ್ತರದಲ್ಲಿ ಹೇಳಿದ್ದೆಲ್ಲಾ ನಿಮಗೂ ಅನ್ವಯಿಸುತ್ತೆ, ಹತ್ತು ವರ್ಷ ಮೂಲೆಯಲ್ಲಿ ನಿಂತಿದ್ದಕ್ಕೆ ಇನ್ನೂ ಸ್ವಲ್ಪ ಜಾಸ್ತಿ ನೋಡಬೇಕು. ನಳಿಗೆಯೊಳಗೆ ಕಡಜ ಗೂಡು ಕಟ್ಟಿರಬಹುದು. ಉತ್ಪ್ರೇಕ್ಷೆ ಅಲ್ಲ, ಬಾಗಿಲ ಸಂದಿಯಲ್ಲಿ, ಸ್ವಿಚ್‌ಬೋರ್ಡ್ ತೂತಿನಲ್ಲಿ ಹಸಿಮಣ್ಣು ತಂದು ಮೆತ್ತುತ್ತಲ್ಲ, ಅದೇ ಹುಳ. ಎಂಟು ಮಿಲಿಮೀಟರ್ ನಳಿಗೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಒಂದು ಸಲ ನಾನು ರಾಡ್ ಹಾಕಿದಾಗ ಅರ್ಧಕ್ಕೇ ನಿಂತಿತು. ಮೆಲ್ಲಗೆ ತಳ್ಳಿದರೆ ಒಣಗಿದ ಮಣ್ಣು ಪುಡಿ ಪುಡಿಯಾಗಿ ಉದುರಿತು, ಜೊತೆಗೆ ಅದು ಮರಿಗೆ ಅಂತ ಸೇರಿಸಿಟ್ಟಿದ್ದ ಸತ್ತ ಜೇಡಗಳು. ಅದರ ಹಿಂದೆ ಒಂದು ಗುಂಡು ಹೊಡೆದಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚನೆ ಮಾಡಿ.

ಗನ್‌ಸ್ಮಿತ್ ಹತ್ತಿರ ಹೆಡ್‌ಸ್ಪೇಸ್ ನೋಡಿ ಅಂತ ಕೇಳಿ. ಅದೇನು ಅಂದರೆ, ಬಾಗಿಲು ಮುಚ್ಚಿ ಚಿಲಕ ಹಾಕಿದ ಮೇಲೂ ಬಾಗಿಲು ಎಷ್ಟು ಅಲ್ಲಾಡುತ್ತೆ ಅನ್ನೋದರ ಲೆಕ್ಕ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಹಿಂಬದಿಗೂ ಮಧ್ಯೆ ಕೂದಲಷ್ಟೇ ಜಾಗ ಇರಬೇಕು. ಆ ಜಾಗ ಜಾಸ್ತಿ ಆದರೆ, ಹೊಡೆದಾಗ ತೋಟಾದ ಹಿತ್ತಾಳೆ ಕೇಸು (ಮದ್ದು ತುಂಬಿರೋ ಕೊಳವೆ) ಹಿಂದಕ್ಕೆ ಜಗ್ಗಿ ಬುಡದ ಹತ್ತಿರ ಹರಿದುಹೋಗಬಹುದು. ಆ ಬಿಸಿ ಗಾಳಿ ಹೊಡೆಯುವವರ ಮುಖದ ಕಡೆಗೇ ಬರುತ್ತೆ. ಇದನ್ನು ಕಣ್ಣಲ್ಲಿ ಅಳೆಯೋಕಾಗಲ್ಲ, ಗೇಜ್ ಬೇಕು. ಬೋಲ್ಟ್ ನಂಬರ್ ಹೊಂದಬೇಕು ಅಂತ ಮೇಲೆ ಹೇಳಿದೆನಲ್ಲ, ಅದು ಇದಕ್ಕೇ. ಎರಡು ರೈಫಲ್ ಒಟ್ಟಿಗೆ ಬಿಚ್ಚಿದಾಗ ಬೋಲ್ಟ್ ಅದಲು ಬದಲಾಗಿ ಹೋಗಿರುತ್ತೆ. ನೋಡೋಕೆ ಸರಿಯಾಗೇ ಕೂತಿರುತ್ತೆ, ಅಳತೆ ಮಾತ್ರ ತಪ್ಪಿರುತ್ತೆ.

ಹಳೇ ತೋಟಾ ಹೊಡೀಬೇಡಿ. ಹಿತ್ತಾಳೆ ಮೇಲೆ ಹಸಿರು ಕಿಲುಬು ಹಿಡಿದಿದ್ದರೆ, ತೋಟಾದ ತುದಿಯ ಗುಂಡು ಅಲ್ಲಾಡಿದರೆ, ಎಲ್ಲಿ ಯಾವ ತೇವದಲ್ಲಿ ಇಟ್ಟಿದ್ದರೋ ಗೊತ್ತಿಲ್ಲದಿದ್ದರೆ, ಡೀಲರ್ ಹತ್ತಿರವೇ ವಾಪಸ್ ಕೊಡೋ ದಾರಿ ಕೇಳಿ. ಒಲೆಗೆ ಹಾಕೋದು, ನಾಲೆಗೆ ಎಸೆಯೋದು, ಹೂಳೋದು ಯಾವುದೂ ಬೇಡ. ಹೊಸ ಡಬ್ಬಿ ಒಂದು ತಗೊಳ್ಳಿ.

ರೇಂಜಿನಲ್ಲಿ ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಎರಡೂ ಇರಲಿ. ಹತ್ತಿ ತುರುಕಿಕೊಂಡರೆ ಸಾಲದು, ರೈಫಲ್ ಸದ್ದು 140 ಡೆಸಿಬಲ್ ಮೀರುತ್ತೆ, ಒಂದೇ ಏಟಿಗೆ ಕಿವಿ ಹೋಗಬಹುದು. ಮೊದಲು ಒಂದೇ ತೋಟಾ ಹಾಕಿ ಹೊಡೀರಿ. ಹೊಡೆದ ಮೇಲೆ ಖಾಲಿ ಕೇಸು ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿ. ಪಿನ್ ಬಡಿದ ಜಾಗ ಗುಂಡಗೆ ಒಳಗೆ ಹೋಗಿರಬೇಕು, ತೂತಾಗಿರಬಾರದು. ಅದರ ಸುತ್ತ ಮಸಿ ಸೋರಿರಬಾರದು. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯೋ ಗೆರೆ ಬಂದಿದ್ದರೆ ಅದು ಹರಿಯೋಕೆ ಶುರುವಾಗಿರೋ ಜಾಗ ಇರಬಹುದು. ಒಂದು ಸಣ್ಣ ತಂತಿಯ ತುದಿ ಬಗ್ಗಿಸಿ, ತಣ್ಣಗಾದ ಖಾಲಿ ಕೇಸಿನೊಳಗೆ ಇಳಿಸಿ, ಆ ಗೆರೆ ಇರೋ ಕಡೆ ಒಳಗಿನಿಂದ ಗೀಚಿ. ತಂತಿ ಒಂದು ಕಾಲುವೆಯಲ್ಲಿ ಸಿಕ್ಕಿಕೊಂಡ ಹಾಗೆ ಆದರೆ ನಿಲ್ಲಿಸಿ, ಎರಡನೇ ಗುಂಡು ಬೇಡ. ಎಲ್ಲಾ ಸರಿ ಇದ್ದರೆ ಇನ್ನೊಂದು, ಆಮೇಲೆ ಮ್ಯಾಗಜಿನ್‌ಗೆ ಎರಡು, ಹೀಗೆ.

ಟ್ರಿಗರ್ ಒತ್ತಿದಾಗ ಬರೀ "ಕ್ಲಿಕ್" ಅಂದು ಸುಮ್ಮನಾದರೆ ಬೋಲ್ಟ್ ತೆಗೀಬೇಡಿ. ಕೆಲವು ಸಲ ಮದ್ದು ತಡವಾಗಿ ಹತ್ತಿಕೊಳ್ಳುತ್ತೆ. ಬಾಯಿ ಗುರಿ ಕಡೆಗೇ ಇರಲಿ, ಕನಿಷ್ಠ 30 ಸೆಕೆಂಡ್ ಕಾಯಿರಿ. ನಾನು 60 ಎಣಿಸುತ್ತೇನೆ. ಇನ್ನೂ ಭಯ ಪಡಬೇಕಾದ್ದು ಸಣ್ಣ ಸದ್ದಿಗೆ. "ಢಂ" ಅನ್ನೋ ಬದಲು "ಪುಸ್" ಅಂತ ಬಂದು, ಭುಜಕ್ಕೆ ಏಟೇ ತಾಗದಿದ್ದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸೀಳುತ್ತೆ. ಇಂಥ ಹೊತ್ತಿನಲ್ಲಿ ಪಕ್ಕದಲ್ಲಿ ತಿಳಿದವರು ಒಬ್ಬರು ಇರಬೇಕು, ಅದಕ್ಕೂ ರೇಂಜೇ ಬೇಕು.

ಹಂದಿ ಕಾಟದ ವಿಷಯ ನೀವು ಬರೆದಿಲ್ಲ, ಆದರೂ ಹೇಳಿಬಿಡ್ತೀನಿ. ಕೋವಿ ಲೈಸೆನ್ಸ್ ಇದೆ ಅಂದ ಮಾತ್ರಕ್ಕೆ ಹಂದಿ ಹೊಡೆಯೋ ಪರ್ಮಿಷನ್ ಇದೆ ಅಂತ ಅಲ್ಲ. 1972ರ ವನ್ಯಜೀವಿ ಕಾಯ್ದೆ ಬೇರೆ. ಅರಣ್ಯ ಇಲಾಖೆಯಿಂದ ಬೇರೆ ಅನುಮತಿ ಆಗಬೇಕು.

ಪ್ರಶ್ನೆ: ಮಗಳು ಮಂಡ್ಯದಲ್ಲಿ ಪಿಯುಸಿ ಓದ್ತಿದ್ದಾಳೆ. ಎನ್‌ಸಿಸಿಯಲ್ಲಿ ಫೈರಿಂಗ್ ಚೆನ್ನಾಗಿ ಮಾಡ್ತಾಳೆ ಅಂತ ಕೋಚ್ ಒಬ್ಬರು 10 ಮೀಟರ್ ಏರ್ ರೈಫಲ್‌ಗೆ ಸೇರಿಸಿದರು. ಹೊಸದು ನಮ್ಮ ಕೈಗೆಟುಕಲ್ಲ. ಸೆಕೆಂಡ್ ಹ್ಯಾಂಡ್ ಒಂದು ನೋಡಿದ್ದೇವೆ. ಏನೇನು ನೋಡಿ ತಗೋಬೇಕು?

ಉತ್ತರ: ಅಮ್ಮ, ಒಳ್ಳೇದಾಗಲಿ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದಿದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ.

ಮೊದಲು ಗಾಳಿ ಸಿಲಿಂಡರ್ ನೋಡಿ. ಉಳಿದದ್ದೆಲ್ಲಾ ಆಮೇಲೆ. ಅದರೊಳಗೆ 200 ಬಾರ್ ಒತ್ತಡ ಇರುತ್ತೆ, ಕಾರಿನ ಟೈರಿನಲ್ಲಿ ಇರೋದು ಎರಡು ಚಿಲ್ಲರೆ ಬಾರ್ ಅಷ್ಟೇ. ಸಿಲಿಂಡರ್ ಮೇಲೆ ತಯಾರಾದ ತಿಂಗಳು, ವರ್ಷ ಕೊರೆದಿರ್ತಾರೆ. ಮ್ಯಾಚ್ ರೈಫಲ್ (ಸ್ಪರ್ಧೆಗೆ ಅಂತ ಮಾಡಿದ ರೈಫಲ್) ಕಂಪನಿಗಳು ಸಾಮಾನ್ಯವಾಗಿ 10 ವರ್ಷ ಅವಧಿ ಕೊಡುತ್ತವೆ. ಅವಧಿ ಮುಗಿದ ಸಿಲಿಂಡರ್ ಇಟ್ಟುಕೊಂಡು ಸ್ಪರ್ಧೆಗೆ ಹೋಗೋದು ನಿಯಮಕ್ಕೂ ವಿರುದ್ಧ. ಮಾರುವವರು ಕಡಿಮೆ ರೇಟ್ ಹೇಳ್ತಿದ್ದರೆ ಎಷ್ಟೋ ಸಲ ಕಾರಣ ಇದೇ ಇರುತ್ತೆ. ಹೊಸ ಸಿಲಿಂಡರಿನ ಬೆಲೆ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಚೌಕಾಶಿ ಮಾಡಿ. ಸಿಲಿಂಡರ್ ಮೇಲೆ ಗುಳಿ, ಆಳವಾದ ಗೀರು ಇದ್ದರೆ ಬೇಡವೇ ಬೇಡ.

ಗಾಳಿ ತುಂಬಿಸಿ, ಗೇಜಿನ ಮುಳ್ಳು ಎಲ್ಲಿದೆ ಅಂತ ಫೋಟೋ ತೆಗೆದಿಟ್ಟುಕೊಂಡು, ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿ. ಮುಳ್ಳು ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ವಾಷರ್ ಹೋಗಿದ್ದರೆ ಸಣ್ಣ ಖರ್ಚು, ವಾಲ್ವ್ ಹೋಗಿದ್ದರೆ ದೊಡ್ಡದು. ಸಿಲಿಂಡರಿಗೆ ಒಣ ಗಾಳಿ ಮಾತ್ರ ತುಂಬಿಸಬೇಕು. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ತುಂಬಿಸಬಾರದು. ಅದೂ ಗಾಳಿಯೇ ಅಲ್ವಾ ಅಂತ ಕೇಳಿದವರನ್ನು ನೋಡಿದ್ದೀನಿ. ಆ ಒತ್ತಡದಲ್ಲಿ ಆಕ್ಸಿಜನ್‌ಗೆ ಚೂರು ಎಣ್ಣೆ, ಗ್ರೀಸ್ ತಾಗಿದರೂ ಹತ್ತಿಕೊಂಡು ಸಿಡಿಯುತ್ತೆ.

ಟ್ರಿಗರ್ ಹೇಗಿದೆ ಅಂತ ಕೋಚ್ ನೋಡಲಿ. ಒಂದೇ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ಡಬ್ಬಿಯಿಂದ, ರೈಫಲನ್ನು ಸ್ಟ್ಯಾಂಡಿಗೆ ಆನಿಸಿ, ಹತ್ತು ಪೆಲೆಟ್ ಒಂದೇ ಕಾಗದಕ್ಕೆ ಹೊಡೆಸಿ. ಹತ್ತೂ ಒಂದೇ ತೂತಿನಲ್ಲಿ ಹೋದ ಹಾಗೆ ಕಾಣಬೇಕು. ಚೆದುರಿದರೆ ಬೇರೆ ಪೆಲೆಟ್ ಹಾಕಿ ಇನ್ನೊಮ್ಮೆ ನೋಡಿ, ಆಗಲೂ ಚೆದುರಿದರೆ ಬಿಟ್ಟುಬಿಡಿ. ಪೂರ್ತಿ ರೈಫಲ್ ತೂಕ 5.5 ಕೆಜಿ ದಾಟಬಾರದು ಅಂತ ನಿಯಮ ಇದೆ, ಹಿಂದಿನವರು ಅದಕ್ಕೆ ತೂಕದ ಬಿಲ್ಲೆ ಏನಾದರೂ ಸೇರಿಸಿದ್ದಾರಾ ಕೇಳಿ. ಬಟ್ಟಿನ ಉದ್ದ ಮಗಳಿಗೆ ಹೊಂದಿಸೋಕೆ ಬರುತ್ತಾ ನೋಡಿ. ದೊಡ್ಡವರ ಅಳತೆಗೆ ಬಿಗಿದಿಟ್ಟ ರೈಫಲ್ ಹಿಡಿದು ಹುಡುಗಿ ಬೆನ್ನು ನೋವು ಮಾಡಿಕೊಳ್ಳೋದು ಬೇಡ.

ಲೈಸೆನ್ಸ್ ಬಗ್ಗೆಯೂ ಹೇಳಬೇಕು. 4.5 ಮಿಲಿಮೀಟರ್, ಅಂದರೆ .177 ಬೋರಿನೊಳಗೆ ಇದ್ದು, ಶಕ್ತಿ 20 ಜೌಲ್ ಮೀರದಿದ್ದರೆ ಲೈಸೆನ್ಸ್ ಬೇಕಿಲ್ಲ. ಮ್ಯಾಚ್ ರೈಫಲ್‌ನ ಶಕ್ತಿ ಏಳೆಂಟು ಜೌಲ್ ಆಸುಪಾಸು. ಬಿಲ್ಲು, ಮಾರಿದವರ ಸಹಿ ಮಾತ್ರ ಜೋಪಾನ. ಲೈಸೆನ್ಸ್ ಬೇಡ ಅಂದರೆ ಆಟದ ಸಾಮಾನು ಅಂತ ಅಲ್ಲ, ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತೆ. ಹೊಡೆಯದಿದ್ದಾಗ ನಳಿಗೆ ಪೂರ್ತಿ ಹಾದು ಹೊರಗೆ ಕಾಣುವ ಬಣ್ಣದ ಸೇಫ್ಟಿ ದಾರ ಹಾಕಿಟ್ಟಿರಬೇಕು. ದಾರ ಎರಡೂ ಕಡೆ ಕಂಡರೆ ಒಳಗೆ ಪೆಲೆಟ್ ಇಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ.

ಪ್ರಶ್ನೆ: .22 ರೈಫಲ್ ತಗೊಂಡೆ. ಖಾಲಿ ರೈಫಲ್‌ನಲ್ಲಿ ಟ್ರಿಗರ್ ಒತ್ತಿ ಒತ್ತಿ ಅಭ್ಯಾಸ ಮಾಡಿದರೆ ಹಾಳಾಗುತ್ತಾ? (ಶ್ರೀರಂಗಪಟ್ಟಣದಿಂದ)

ಉತ್ತರ: .22ರಲ್ಲಿ ಹಾಳಾಗಬಹುದು. ಅದರ ಪಿನ್ ತೋಟಾದ ನಡುವಿಗೆ ಬಡಿಯಲ್ಲ, ಅಂಚಿಗೆ ಬಡಿಯುತ್ತೆ. ಒಳಗೆ ತೋಟಾ ಇಲ್ಲದಿದ್ದರೆ ಕೆಲವು ರೈಫಲ್‌ಗಳಲ್ಲಿ ಅದು ಚೇಂಬರಿನ ಅಂಚಿಗೇ ಬಡಿದು ಅಲ್ಲಿ ಸಣ್ಣ ಗುಳಿ ಬೀಳಿಸುತ್ತೆ. ಆಮೇಲೆ ಖಾಲಿ ಕೇಸು ಅಲ್ಲೇ ಕಚ್ಚಿಕೊಳ್ಳುತ್ತೆ, ಪಿನ್ನೂ ಮೊಂಡಾಗುತ್ತೆ. .22 ಡಮ್ಮಿ ತೋಟಾ ಸಿಗುತ್ತೆ, ಅದು ಹಾಕಿ ಅಭ್ಯಾಸ ಮಾಡಿ. ನಿಮ್ಮದು ಹೊಸದಾದ್ದರಿಂದ ಇವತ್ತೇ ಟಾರ್ಚ್ ಹಾಕಿ ಚೇಂಬರಿನ ಅಂಚು ನೋಡಿಟ್ಟುಕೊಳ್ಳಿ, ನಯವಾಗಿರಬೇಕು. ಮುಂದೆ ಗುಳಿ ಬಿದ್ದರೆ ಅದು ಅಂಗಡಿಯಿಂದಲೇ ಬಂದಿದ್ದೋ ನೀವು ಬೀಳಿಸಿಕೊಂಡಿದ್ದೋ ಗೊತ್ತಾಗುತ್ತೆ.

ಪ್ರಶ್ನೆ: ಈ ಸಲ ಆಯುಧ ಪೂಜೆಗೆ ನಮ್ಮ ಮನೆಯಲ್ಲಿ ಹೊಸ ರೈಫಲ್ ಇದೆ. ನಮ್ಮ ತಂದೆಯವರ ಕಾಲದಲ್ಲಿ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ನಿಂಬೆಹಣ್ಣು ಹಿಂಡಿ ಪೂಜೆ ಮಾಡುತ್ತಿದ್ದರು. ಹಾಗೇ ಮಾಡಬಹುದಾ? (ನಂಜನಗೂಡಿನಿಂದ)

ಉತ್ತರ: ಪೂಜೆ ಮಾಡಿ, ಚೆನ್ನಾಗಿ ಮಾಡಿ. ಮೈಸೂರು ಸೀಮೆಯವರು ನಾವು, ಮಹಾನವಮಿ ದಿನ ಅರಮನೆಯಲ್ಲೇ ಆಯುಧಗಳಿಗೆ ಪೂಜೆ ಆಗುತ್ತೆ, ನಮ್ಮ ಮನೆಗಳಲ್ಲಿ ಕುಡುಗೋಲಿಂದ ಹಿಡಿದು ಸ್ಕೂಟರ್‌ವರೆಗೆ ಆಗುತ್ತೆ. ನಾನೂ ನನ್ನ ಸ್ಕ್ರೂಡ್ರೈವರ್ ಪೆಟ್ಟಿಗೆಗೆ ಪ್ರತಿ ವರ್ಷ ಹೂವಿಡುತ್ತೇನೆ. ಕೆಲವು ಮಾತು ಮಾತ್ರ ನಡೆಸಿಕೊಡಿ.

ಪೂಜೆಗೆ ಇಡೋಕೆ ಮುಂಚೆ ಮ್ಯಾಗಜಿನ್ ತೆಗೆದು, ಬೋಲ್ಟ್ ತೆಗೆದು, ಮನೆಯ ಇಬ್ಬರು ಖಾಲಿ ಇದೆ ಅಂತ ನೋಡಿ. ತೋಟಾ ಪೂಜೆಗೆ ಬರೋದು ಬೇಡ, ಬೀರುವಿನಲ್ಲೇ ಇರಲಿ. ದೀಪ, ಕರ್ಪೂರ, ಮಕ್ಕಳು ಎಲ್ಲಾ ಇರೋ ಜಾಗ ಅದು. ಅರಿಶಿನ ಕುಂಕುಮ ಮರದ ಮೇಲೆ ಒಂದು ಬೊಟ್ಟು ಇಡಿ, ಕಬ್ಬಿಣದ ಮೇಲೆ ಬೇಡ. ನೀರಲ್ಲಿ ಕಲಸಿದ ಕುಂಕುಮ ನಳಿಗೆ ಮೇಲೆ ರಾತ್ರಿಯಿಡೀ ನಿಂತರೆ ಬೆಳಿಗ್ಗೆ ಒರೆಸಿದಾಗ ಕೆಳಗೆ ತುಕ್ಕಿನ ಕಲೆ ಎದ್ದಿರುತ್ತೆ, ಬೊಟ್ಟು ಎಷ್ಟಗಲವೋ ಕಲೆಯೂ ಅಷ್ಟೇ ಅಗಲ. ಅಂಥ ರೈಫಲ್ ಎಷ್ಟೋ ನನ್ನ ಬೆಂಚಿಗೆ ಬಂದಿವೆ. ನಿಂಬೆಹಣ್ಣು ಹುಳಿ, ಕಪ್ಪು ಬಣ್ಣವನ್ನೇ ತಿಂದುಹಾಕುತ್ತೆ. ಅದನ್ನು ಕುಯ್ದು ಪಕ್ಕದಲ್ಲಿಡಿ, ಹಿಂಡಬೇಡಿ. ತೆಂಗಿನಕಾಯಿ ಸ್ವಲ್ಪ ದೂರದಲ್ಲಿ ಒಡೀರಿ.

ಹೂವು ಮೇಲೆ ಇಡಿ. ನಳಿಗೆ ಬಾಯಿಗೆ ಸಿಕ್ಕಿಸಬೇಡಿ. ನೋಡೋಕೆ ಚೆಂದ ಕಾಣುತ್ತೆ ಅಂತ ಸೇವಂತಿಗೆ ತೊಟ್ಟು ಬಾಯೊಳಗೆ ಸಿಕ್ಕಿಸ್ತಾರೆ. ವಿಜಯದಶಮಿ ದಿನ ಹೂವು ತೆಗೀವಾಗ ತೊಟ್ಟು ಮುರಿದು ಒಳಗೆ ಉಳಿಯುತ್ತೆ, ಎಸಳು ಎರಡು ಜಾರಿ ಕೆಳಗೆ ಹೋಗುತ್ತೆ, ಎಣ್ಣೆಗೆ ಅಂಟಿಕೊಂಡು ಒಣಗುತ್ತೆ. ಮೂರು ತಿಂಗಳ ಮೇಲೆ ಯಾರಿಗೂ ನೆನಪಿರಲ್ಲ. ಪೂಜೆಯ ಸಾಯಂಕಾಲವೇ ಒಣ ಬಟ್ಟೆಯಿಂದ ಒರೆಸಿ, ನಳಿಗೆಗೆ ಒಂದು ಚಿಂದಿ ಎಳೆದು, ಕಿಟಕಿ ಕಡೆ ಹಿಡಿದು ನೋಡಿ, ಆಮೇಲೆ ಎಣ್ಣೆ ಸವರಿ ಬೀರುವಿಗೆ ಬೀಗ ಹಾಕಿ.